ಹಳೇ ಮೊಬೈಲ್ ವ್ಯಾಪಾರ: ‘ಮಾರಿದ ಮಾಲು ವಾಪಸ್ ಇಲ್ಲ’ ಬೋರ್ಡ್ ಯಾರನ್ನ ಕಾಪಾಡುತ್ತೆ?

ತಿಪಟೂರು: ಬಿ.ಎಚ್. ರಸ್ತೆಯ ಮೊಬೈಲ್ ಅಂಗಡಿಯೊಂದರ ಮುಂದೆ ಮೊನ್ನೆ ಹತ್ತು ಹದಿನೈದು ಜನ ಸೇರಿದ್ದರು. ಒಳಗೆ ಒಬ್ಬ ಆಟೋ ಚಾಲಕ, ಕೌಂಟರ್ ಆಚೆ ಅಂಗಡಿ ಯಜಮಾನರು. ಚಾಲಕ ಐದು ವಾರದ ಹಿಂದೆ ಇದೇ ಅಂಗಡಿಯಲ್ಲಿ 8,200 ರೂಪಾಯಿ ಕೊಟ್ಟು ಒಂದು ಸೆಕೆಂಡ್ ಹ್ಯಾಂಡ್ ಮೊಬೈಲ್ ತಗೊಂಡಿದ್ದಾರೆ. ಹಿಂದಿನ ದಿನ ಬೇರೆ ಜಿಲ್ಲೆಯ ಪೊಲೀಸ್ ಠಾಣೆಯಿಂದ ಫೋನ್ ಬಂದಿದೆ. ‘ನಿಮ್ಮ ಹತ್ರ ಇರೋ ಸೆಟ್ ಕಳುವಾಗಿರೋದು, ತಂದು ಒಪ್ಪಿಸಿ’ ಅಂತ.

‘ಯಣ್ಣಾ, ಕದ್ದಿದ್ದು ಅಂತ ನಂಗೇನು ಗೊತ್ತು? ನಿನ್ನ ಅಂಗ್ಡೀಲಿ ತಗಂಡೆ, ನನ್ನ ದುಡ್ಡು ಕೊಡು’ ಅಂತ ಚಾಲಕ. ಯಜಮಾನರು ಗೋಡೆ ಕಡೆ ಕೈ ತೋರಿಸಿದರು. ಅಲ್ಲಿ ಕೆಂಪು ಅಕ್ಷರದಲ್ಲಿ ‘ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ’ ಅಂತ ಬೋರ್ಡ್. ಕೆಳಗೆ ಸಣ್ಣದಾಗಿ ‘ಹಳೇ ಸೆಟ್‌ಗೆ 7 ದಿನ ಚೆಕಿಂಗ್ ವಾರಂಟಿ’. ‘ನಂಗೂ ಯಾವನೋ ಹುಡುಗ ತಂದ್ಕೊಟ್ಟ. ನಾನೂ 7 ಸಾವಿರ ಕಳ್ಕೊಂಡಂಗೆ ಆಯ್ತಲ್ಲ’ ಅನ್ನೋದು ಅವರ ಸಂಕಟ.

ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಆದರೆ ಇಬ್ಬರೂ ನಂಬಿಕೊಂಡಿದ್ದು ಆ ಬೋರ್ಡನ್ನ. ಬೋರ್ಡ್ ಇದ್ದರೆ ತಾನು ಬಚಾವು ಅಂತ ಅಂಗಡಿಯವರು, ಬೋರ್ಡ್ ಇರೋದರಿಂದ ತನ್ನ ದುಡ್ಡು ಹೋಯ್ತೇನೋ ಅಂತ ಗಿರಾಕಿ. ಕಾನೂನು ನೋಡಿದರೆ ಈ ಪ್ರಕರಣದಲ್ಲಿ ಆ ಬೋರ್ಡ್‌ಗೆ ಇರೋ ಬೆಲೆ ಬಣ್ಣದ ಖರ್ಚಿನಷ್ಟೇ.

ಬೋರ್ಡ್‌ಗಿಂತ ದೊಡ್ಡದು ಬಿಲ್

ಮೊದಲು ಬೋರ್ಡ್ ವಿಚಾರ ಮುಗಿಸೋಣ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಅದರ 2(47)ನೇ ಕಲಂ ‘ಅನುಚಿತ ವ್ಯಾಪಾರ ಪದ್ಧತಿ’ ಅಂದರೆ ಏನೇನು ಅಂತ ಪಟ್ಟಿ ಮಾಡುತ್ತೆ. ಆ ಪಟ್ಟಿಯಲ್ಲಿ ಬಿಲ್ ಅಥವಾ ರಸೀದಿ ಕೊಡದೆ ಇರೋದೂ ಸೇರಿದೆ. ದೋಷ ಇರೋ ಮಾಲನ್ನ ವಾಪಸ್ ತಗೊಂಡು ಹಣ ಕೊಡೋಕೆ ಒಪ್ಪದೆ ಇರೋದೂ ಸೇರಿದೆ. ಎಷ್ಟು ದಿನದೊಳಗೆ? ಬಿಲ್‌ನಲ್ಲಿ ಬರೆದಿರೋ ಅವಧಿಯೊಳಗೆ. ಬಿಲ್‌ನಲ್ಲಿ ಏನೂ ಬರೆದಿಲ್ಲ ಅಂದರೆ 30 ದಿನದೊಳಗೆ. ಹಳೇ ಸೆಟ್‌ಗೆ ಬಣ್ಣ ಬಳಿದು, ಪ್ಯಾನೆಲ್ ಬದಲಿಸಿ ‘ಹೊಸದು’ ಅಂತ ಮಾರೋದೂ ಇದೇ ಪಟ್ಟಿಗೆ ಬರುತ್ತೆ.

ಇದರಲ್ಲಿ ಅಂಗಡಿಯವರಿಗೂ ಒಂದು ಪಾಠ ಇದೆ. ಗೋಡೆ ಮೇಲೆ ‘7 ದಿನ’ ಅಂತ ಬರೆಸಿ, ಬಿಲ್ ಕೊಡದೆ ಕಳಿಸಿದರೆ ಆ 7 ದಿನ ಲೆಕ್ಕಕ್ಕೇ ಬರದೆ ಹೋಗಬಹುದು. ಕಾನೂನು ಕೇಳೋದು ಬಿಲ್‌ನಲ್ಲಿ ಏನಿದೆ ಅಂತ. ಬಿಲ್ ಕೊಟ್ಟು, ಅದರಲ್ಲಿ ಅವಧಿ ಬರೆದವರ ಮಾತಿಗೆ ತೂಕ ಜಾಸ್ತಿ.

ಇಲ್ಲಿ ಗಿರಾಕಿಗಳಿಗೂ ಒಂದು ಮಾತು. ‘ದೋಷ’ ಅಂದರೆ ದೋಷವೇ ಇರಬೇಕು. ಮನೆಗೆ ಹೋದ ಮೇಲೆ ಬಣ್ಣ ಇಷ್ಟ ಆಗಲಿಲ್ಲ, ಭಾಮೈದ ಇನ್ನೂ ಕಮ್ಮಿಗೆ ಸಿಗ್ತಿತ್ತು ಅಂದ, ಹೆಂಡತಿ ಬೈದಳು ಅಂತ ವಾಪಸ್ ತಂದರೆ ಅದನ್ನ ತಗೊಳ್ಳಲೇಬೇಕು ಅಂತ ಯಾವ ಕಾಯ್ದೆಯೂ ಹೇಳಲ್ಲ. ಅದು ಅಂಗಡಿಯವರ ಒಳ್ಳೇತನ ಅಷ್ಟೆ. ಹೊಸ ಮೊಬೈಲ್ ಬಾಕ್ಸ್ ಒಡೆದು ಸಿಮ್ ಹಾಕಿದ ಮೇಲೆ ಅದನ್ನ ಮತ್ತೆ ಹೊಸದು ಅಂತ ಮಾರೋಕೆ ಆಗಲ್ಲ. ಆ ನಷ್ಟ ಚಿಕ್ಕ ಅಂಗಡಿಯವರಿಗೆ ದೊಡ್ಡದು. ದಿನಕ್ಕೆ ಇಂಥ ಇಬ್ಬರು ಬರ್ತಾರೆ, ಅದಕ್ಕೇ ಬೋರ್ಡ್ ಹಾಕಿದ್ದು ಅಂತ ಒಬ್ಬ ವ್ಯಾಪಾರಿ ಹೇಳಿದ್ದರಲ್ಲಿ ನ್ಯಾಯ ಇದೆ.

ಹೊಸ ಸೆಟ್ ನಿಜವಾಗಿ ಕೆಟ್ಟಿದ್ದಾಗಿನ ಕಥೆ ಬೇರೆ. ಆಗ ಬರೋ ಉತ್ತರ ‘ಸರ್ವಿಸ್ ಸೆಂಟರ್‌ಗೆ ಹೋಗಿ’. ಎಷ್ಟೋ ಕಂಪನಿಗಳ ಸರ್ವಿಸ್ ಸೆಂಟರ್ ಇರೋದು ತುಮಕೂರಿನಲ್ಲೋ ಬೆಂಗಳೂರಿನಲ್ಲೋ. ಹಳ್ಳಿಯಿಂದ ಬಂದವರಿಗೆ ಒಂದು ದಿನದ ಕೂಲಿ, ಬಸ್ ಚಾರ್ಜು ಎರಡೂ ಹೋಗುತ್ತೆ. ಕಂಪನಿ ವಾರಂಟಿ ಇದೆ ಅನ್ನೋ ಕಾರಣಕ್ಕೆ ಮಾರಿದವರ ಜವಾಬ್ದಾರಿ ಪೂರ್ತಿ ಮುಗಿಯಲ್ಲ. ದೂರು ಕೊಡುವಾಗ ಕಂಪನಿ ಜೊತೆ ಅಂಗಡಿಯನ್ನೂ ಸೇರಿಸಬಹುದು. ಆನ್‌ಲೈನ್‌ನಲ್ಲಿ ಕೊಂಡರೂ ಅಷ್ಟೆ. ಮಾಲು ದೋಷದ್ದಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ ಮಾರಾಟಗಾರ ವಾಪಸ್ ಪಡೆಯೋಕೆ ನಿರಾಕರಿಸುವಂತಿಲ್ಲ ಅಂತ 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ.

ಕಳುವಿನ ಸೆಟ್‌ಗೆ 7 ದಿನದ ಲೆಕ್ಕ ಇಲ್ಲ

ಈಗ ಆಟೋ ಚಾಲಕರ ವಿಷಯಕ್ಕೆ ಬರೋಣ. ಅವರ ಫೋನ್‌ನಲ್ಲಿ ದೋಷ ಇರಲಿಲ್ಲ. ಬ್ಯಾಟರಿ ಚೆನ್ನಾಗಿತ್ತು, ಕ್ಯಾಮೆರಾ ಚೆನ್ನಾಗಿತ್ತು. ಫೋನ್ ಮಾರಿದವರದ್ದಾಗಿರಲಿಲ್ಲ, ಅಷ್ಟೇ ತೊಂದರೆ.

ಇದಕ್ಕೆ ಹೊಸ ಕಾನೂನೇ ಬೇಕಿಲ್ಲ. 1930ರ ಸರಕು ಮಾರಾಟ ಕಾಯ್ದೆ ಇದೆ. ಅದರ 14ನೇ ಕಲಂ ಪ್ರಕಾರ, ವ್ಯಾಪಾರದಲ್ಲಿ ಬೇರೆ ರೀತಿ ಮಾತಾಗಿಲ್ಲದಿದ್ದರೆ, ‘ಇದನ್ನ ಮಾರೋ ಹಕ್ಕು ನನಗಿದೆ’ ಅನ್ನೋ ಷರತ್ತು ಬಾಯಿಬಿಟ್ಟು ಹೇಳದೆ ಇದ್ದರೂ ಸೇರಿಕೊಂಡಿರುತ್ತೆ. 27ನೇ ಕಲಂ ಪ್ರಕಾರ, ಸಾಮಾನ್ಯವಾಗಿ ಮಾರೋನಿಗೆ ಎಷ್ಟು ಹಕ್ಕಿದೆಯೋ ಕೊಳ್ಳೋನಿಗೂ ಅಷ್ಟೇ ಸಿಗೋದು. ಕಳ್ಳನಿಗೆ ಹಕ್ಕಿಲ್ಲ, ಕಳ್ಳನಿಂದ ಕೊಂಡ ಅಂಗಡಿಗೆ ಹಕ್ಕಿಲ್ಲ, ಅಂಗಡಿಯಿಂದ ಕೊಂಡ ಚಾಲಕನಿಗೂ ಹಕ್ಕಿಲ್ಲ. ಫೋನ್ ಮೊದಲಿನ ಮಾಲೀಕರಿಗೇ ಹೋಗಬೇಕು. ಚಾಲಕ ಹಣ ಕೇಳಬೇಕಾದ್ದು ಅಂಗಡಿಯವರನ್ನ. ಅಂಗಡಿಯವರು ಕೇಳಬೇಕಾದ್ದು ಆ ಹುಡುಗನನ್ನ. ಇಲ್ಲಿ ಚೆಕಿಂಗ್ ವಾರಂಟಿ ಮುಗೀತು ಅನ್ನೋ ವಾದ ನಿಲ್ಲೋದು ಕಷ್ಟ. ಐದು ವಾರವಾದರೂ ಅದೇ ಉತ್ತರ, ಐದು ತಿಂಗಳಾದರೂ ಅದೇ ಉತ್ತರ.

ಸರಪಳಿಯಲ್ಲಿ ತುಂಡಾಗೋ ಕೊಂಡಿ ಯಾವುದು ಅಂತ ನೋಡಿ. ಚಾಲಕನಿಗೆ ಅಂಗಡಿ ಗೊತ್ತು, ಫೋನ್‌ಪೇನಲ್ಲಿ ದುಡ್ಡು ಹಾಕಿದ ದಾಖಲೆ ಇದೆ. ಅಂಗಡಿಯವರಿಗೆ ಹುಡುಗನ ಹೆಸರೂ ಸರಿಯಾಗಿ ಗೊತ್ತಿಲ್ಲ, ಕೊಟ್ಟಿದ್ದು ಕ್ಯಾಶ್. ಇನ್ನೂ ಒಂದು ಪೆಟ್ಟಿದೆ. ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ಮತ್ತೆ ಮಾರೋದಕ್ಕೆ’ ಕೊಂಡವರು ಗ್ರಾಹಕರಲ್ಲ. ಗ್ರಾಹಕ ಆಯೋಗದ ಬಾಗಿಲು ಚಾಲಕನಿಗೆ ತೆರೆದಿದೆ, ಅಂಗಡಿಯವರಿಗೆ ಇಲ್ಲ. ಅವರು ಸಿವಿಲ್ ಕೋರ್ಟಿಗೆ ಹೋಗಬೇಕು. 7 ಸಾವಿರಕ್ಕೆ ಯಾರು ಹೋಗ್ತಾರೆ?

ಅದರ ಮೇಲೆ ಕ್ರಿಮಿನಲ್ ಭಯ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಕದ್ದ ಮಾಲು ಇಟ್ಟುಕೊಳ್ಳೋದರ ಬಗ್ಗೆ ಇದೆ. ಹಿಂದೆ ಇದು ಐಪಿಸಿ 411 ಆಗಿತ್ತು. ಕದ್ದದ್ದು ಅಂತ ಗೊತ್ತಿದ್ದೂ, ಅಥವಾ ಹಾಗೆ ನಂಬೋಕೆ ಕಾರಣ ಇದ್ದೂ ಅಪ್ರಾಮಾಣಿಕವಾಗಿ ತಗೊಂಡರೆ ಮೂರು ವರ್ಷದವರೆಗೆ ಜೈಲು. ‘ನಂಬೋಕೆ ಕಾರಣ’ ಅನ್ನೋ ಮಾತು ಇಲ್ಲಿ ಮುಖ್ಯ. 20 ಸಾವಿರದ ಸೆಟ್ಟನ್ನ ಬಾಕ್ಸ್ ಇಲ್ಲದೆ, ಬಿಲ್ ಇಲ್ಲದೆ, ಪ್ಯಾಟರ್ನ್ ಲಾಕ್ ತೆಗೆಯೋಕೆ ಬಾರದ ಹುಡುಗ 4 ಸಾವಿರಕ್ಕೆ ಕೊಡ್ತೀನಿ ಅಂದರೆ, ಅನುಮಾನ ಬರಲಿಲ್ಲ ಅಂತ ಹೇಳೋದು ಕಷ್ಟ. ಇದನ್ನೇ ಕಸುಬು ಮಾಡಿಕೊಂಡವರಿಗೆ ಶಿಕ್ಷೆ ಇನ್ನೂ ಜಾಸ್ತಿ.

ಮೊದಲೆಲ್ಲ ಸಿಗ್ತಿರಲಿಲ್ಲ, ಈಗ ಸಿಗುತ್ತೆ

‘ಹತ್ತು ವರ್ಷದಿಂದ ಹಿಂಗೇ ವ್ಯಾಪಾರ ಮಾಡ್ತಿದೀವಿ, ಈಗ ಯಾಕೆ ಇಷ್ಟು ಕಾಟ’ ಅಂತ ಕೇಳೋರಿದ್ದಾರೆ. ಕಾರಣ ಸಿಇಐಆರ್ ಅನ್ನೋ ಕೇಂದ್ರ ಸರ್ಕಾರದ ವ್ಯವಸ್ಥೆ. ಕೆಲವು ರಾಜ್ಯಗಳಲ್ಲಿ ಮೊದಲೇ ಶುರುವಾಗಿದ್ದ ಇದು 2023ರ ಮೇ ತಿಂಗಳಲ್ಲಿ ಸಂಚಾರ್ ಸಾಥಿ ಪೋರ್ಟಲ್ ಮೂಲಕ ದೇಶಕ್ಕೆಲ್ಲ ಬಂತು. ಫೋನ್ ಕಳೆದುಕೊಂಡವರು ಪೊಲೀಸ್ ದೂರಿನ ಪ್ರತಿ ಹಾಕಿ ಐಎಂಇಐ ನಂಬರ್ ಬ್ಲಾಕ್ ಮಾಡಿಸಬಹುದು. ಆಮೇಲೆ ಆ ಸೆಟ್‌ಗೆ ದೇಶದಲ್ಲಿ ಎಲ್ಲೇ ಯಾರೇ ಸಿಮ್ ಹಾಕಿದರೂ ಯಾವ ನಂಬರ್ ಅಂತ ಪೊಲೀಸರಿಗೆ ಮಾಹಿತಿ ಹೋಗುತ್ತೆ. ಪೊಲೀಸರು ಫೋನ್ ಮಾಡೋದು ಕದ್ದವನಿಗಲ್ಲ, ಸದ್ಯ ಸಿಮ್ ಹಾಕಿಕೊಂಡಿರೋನಿಗೆ. ಅಂದರೆ ಆಟೋ ಚಾಲಕನಿಗೆ, ಪಿಯುಸಿ ಹುಡುಗಿಗೆ, ಗಾರ್ಮೆಂಟ್ಸ್‌ಗೆ ಹೋಗೋ ಹೆಣ್ಣುಮಗಳಿಗೆ. ಎಸ್‌ಪಿ ಕಚೇರಿಗಳಲ್ಲಿ ಮೇಜಿನ ಮೇಲೆ ಸಾಲಾಗಿ ಮೊಬೈಲ್ ಜೋಡಿಸಿ ವಾರಸುದಾರರಿಗೆ ಕೊಡೋ ಫೋಟೋ ನಾವೂ ಹಾಕ್ತೀವಿ, ಒಳ್ಳೇ ಸುದ್ದಿ. ಆದರೆ ಆ ಮೇಜಿನ ಮೇಲಿರೋ ಸೆಟ್‌ಗಳಲ್ಲಿ ಎಷ್ಟೋ ಫೋನ್‌ಗಳಿಗೆ ನಡುವೆ ಯಾರೋ ಒಬ್ಬರು ದುಡ್ಡು ಕೊಟ್ಟಿರ್ತಾರೆ. ಆ ಫೋಟೋದಲ್ಲಿ ಅವರು ಇರಲ್ಲ.

ಹಾಗಂತ ಗೊತ್ತು ಮಾಡಿಕೊಳ್ಳೋದು ಕಷ್ಟವೇನಲ್ಲ. ಸೆಟ್‌ನಲ್ಲಿ *#06# ಒತ್ತಿದರೆ 15 ಅಂಕಿಯ ಐಎಂಇಐ ನಂಬರ್ ಬರುತ್ತೆ. ಕೆವೈಎಂ ಅನ್ನೋ ಮೂರು ಇಂಗ್ಲಿಷ್ ಅಕ್ಷರ, ಒಂದು ಜಾಗ ಬಿಟ್ಟು ಆ ನಂಬರ್ ಬರೆದು 14422ಕ್ಕೆ ಮೆಸೇಜ್ ಕಳಿಸಿದರೆ ಉತ್ತರ ಬರುತ್ತೆ. ಸಂಚಾರ್ ಸಾಥಿ ಆ್ಯಪ್‌ನಲ್ಲೂ ನೋಡಬಹುದು. ಬ್ಲಾಕ್ ಲಿಸ್ಟ್, ಡೂಪ್ಲಿಕೇಟ್, ಅಥವಾ ಈಗಾಗಲೇ ಬಳಕೆಯಲ್ಲಿದೆ ಅಂತ ಬಂದರೆ ತಗೊಳ್ಳಬೇಡಿ ಅಂತ ಇಲಾಖೆಯೇ ಹೇಳುತ್ತೆ. ಬಾಕ್ಸ್ ಮೇಲಿನ ನಂಬರ್‌ಗೂ ಸ್ಕ್ರೀನ್ ಮೇಲಿನ ನಂಬರ್‌ಗೂ ತಾಳೆ ಆಗದಿದ್ದರೆ ಬೋರ್ಡ್ ಬದಲಾಗಿರಬಹುದು, ಇಲ್ಲವೇ ನಂಬರ್ ತಿದ್ದಿರಬಹುದು. ಐಎಂಇಐ ತಿದ್ದೋದಕ್ಕೆ 2023ರ ದೂರಸಂಪರ್ಕ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಇದೆ. ರಿಪೇರಿ ಮಾಡೋ ಹುಡುಗರು ಇದನ್ನ ಸಣ್ಣ ಕೆಲಸ ಅಂದುಕೊಂಡಿದ್ದರೆ ಈಗಲೇ ಬಿಡೋದು ಒಳ್ಳೇದು.

ಆದರೆ ಈ ಮೆಸೇಜ್‌ಗೂ ಒಂದು ಮಿತಿ ಇದೆ. ಇವತ್ತು ಬೆಳಗ್ಗೆ ಕದ್ದ ಫೋನನ್ನ ಮಧ್ಯಾಹ್ನ ಮಾರೋಕೆ ತಂದರೆ ಪಟ್ಟಿಯಲ್ಲಿ ಇರಲ್ಲ. ಮಾಲೀಕರು ದೂರು ಕೊಟ್ಟು ಬ್ಲಾಕ್ ಮಾಡಿಸಿದ ಮೇಲಷ್ಟೇ ಅದು ಸೇರೋದು. ಆದ್ದರಿಂದ ‘ಚೆಕ್ ಮಾಡ್ದೆ, ಓಕೆ ಬಂತು’ ಅನ್ನೋದು ಅರ್ಧ ರಕ್ಷಣೆ. ಉಳಿದರ್ಧ, ತಂದುಕೊಟ್ಟವರು ಯಾರು ಅಂತ ಬರೆದಿಟ್ಟುಕೊಳ್ಳೋದು.

2025ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಟೆಲಿಕಾಂ ಸೈಬರ್ ಭದ್ರತಾ ನಿಯಮಗಳಿಗೆ ತಿದ್ದುಪಡಿ ತಂದಿದೆ. ಬಳಸಿದ ಮೊಬೈಲ್ ಕೊಳ್ಳೋ, ಮಾರೋ ವ್ಯವಹಾರ ಮಾಡೋರು ಮೊದಲು ಸರ್ಕಾರದ ಐಎಂಇಐ ಪಟ್ಟಿ ನೋಡಬೇಕು, ಅದಕ್ಕೆ ಶುಲ್ಕ ಕೊಡಬೇಕು ಅನ್ನೋದು ಅದರ ಸಾರ. ಅದಾದ ಮುಂದಿನ ತಿಂಗಳು ಹೊಸ ಫೋನ್‌ಗಳಲ್ಲಿ ಸಂಚಾರ್ ಸಾಥಿ ಆ್ಯಪ್ ಕಡ್ಡಾಯ ಅಂತ ಆದೇಶ ಹೊರಟು, ಗಲಾಟೆಯಾಗಿ ಡಿಸೆಂಬರ್ ಮೊದಲ ವಾರ ವಾಪಸ್ ಆಗಿದ್ದು ನೆನಪಿರಬಹುದು. ಎರಡನ್ನೂ ಒಂದೇ ಅಂದುಕೊಂಡು ‘ಅದು ಕ್ಯಾನ್ಸಲ್ ಆಯ್ತಲ್ಲ’ ಅನ್ನೋರು ಇದ್ದಾರೆ. ವಾಪಸ್ ಆಗಿದ್ದು ಆ್ಯಪ್ ಆದೇಶ. ಹಳೇ ಸೆಟ್ ವ್ಯಾಪಾರಿಗಳ ನಿಯಮ ಬೇರೆ.

ಲಾಕ್ ಆದ ಫೋನ್, ಬಾಯಿ ಮುಚ್ಚಿದ ವ್ಯಾಪಾರ

ಕಳುವು ಬಿಟ್ಟರೆ ಹೆಚ್ಚು ಜಗಳ ಆಗೋದು ಎರಡು ಬಗೆಯ ಸೆಟ್‌ಗಳಿಗೆ. ಒಂದು ಫೈನಾನ್ಸ್ ಸೆಟ್. ಆರು ಕಂತು ಕಟ್ಟಿ, ಕಷ್ಟ ಬಂದು, ಮಾರಿ ಹೋಗಿರ್ತಾರೆ. ಕೊಂಡವರು ಒಂದು ತಿಂಗಳು ಬಳಸಿರ್ತಾರೆ. ಒಂದು ದಿನ ಬೆಳಗ್ಗೆ ಸ್ಕ್ರೀನ್ ಮೇಲೆ ‘ಕಂತು ಬಾಕಿ’ ಅಂತ ಬಂದು ಫೋನ್ ಲಾಕ್. ಸಾಲ ಕೊಡುವಾಗಲೇ ಲಾಕ್ ಮಾಡೋ ಆ್ಯಪ್ ಒಳಗೆ ಕೂರಿಸಿರ್ತಾರೆ, ರೀಸೆಟ್ ಮಾಡಿದರೂ ಎಷ್ಟೋ ಸೆಟ್‌ಗಳಲ್ಲಿ ಹೋಗಲ್ಲ. ಸಾಲ ತೀರಿದ ಪತ್ರ, ಅದೇ ಎನ್‌ಒಸಿ, ನೋಡದೆ ಕೊಳ್ಳೋದು ಅಂದರೆ ಬೇರೆಯವರ ಸಾಲಕ್ಕೆ ಜಾಮೀನು ನಿಂತ ಹಾಗೆ.

ಇನ್ನೊಂದು, ಒಂದೇ ಕಂಪನಿಯ ಪ್ರೀಪೇಯ್ಡ್ ಸಿಮ್‌ಗೆ ಕಟ್ಟಿಹಾಕಿದ ಸೆಟ್. 2017ರಲ್ಲಿ ಬಂದ ಜಿಯೋಫೋನ್, 2023ರಲ್ಲಿ 999 ರೂಪಾಯಿಗೆ ಬಂದ ಜಿಯೋಭಾರತ್ ಎರಡೂ ಜಿಯೋ ಸಿಮ್‌ಗೆ ಮಾತ್ರ. ಜಿಯೋಫೋನ್‌ಗೆ ಆಗ 1,500 ರೂಪಾಯಿ ಠೇವಣಿ ಇತ್ತು, ಮೂರು ವರ್ಷ ಬಳಸಿ ಸೆಟ್ ಒಪ್ಪಿಸಿದರೆ ಹಣ ವಾಪಸ್ ಅನ್ನೋ ಷರತ್ತಿತ್ತು. ಅಂದರೆ ಆ ಸೆಟ್ ಕೈಬದಲಾಗಿ ಮಾರಾಟವಾದರೆ ಠೇವಣಿ ಯಾರದ್ದು ಅನ್ನೋದೇ ಗೊಂದಲ. ಈಗಲೂ ತಾಯಿಗೆ ಕೊಡ್ಸೋಣ ಅಂತ ಇಂಥ ಕೀಪ್ಯಾಡ್ ಸೆಟ್ಟನ್ನ ಮುನ್ನೂರು ನಾನೂರಕ್ಕೆ ಹಳೇದು ತಗೊಂಡು, ಬೇರೆ ಸಿಮ್ ಹಾಕಿ, ‘ಕೆಟ್ಟೋಗಿದೆ’ ಅಂತ ವಾಪಸ್ ತರ್ತಾರೆ. ಕೆಟ್ಟಿಲ್ಲ. ಅದರ ಹುಟ್ಟೇ ಹಾಗೆ.

ಇಂಥ ಕಡೆ ತೀರ್ಮಾನ ನಿಲ್ಲೋದು ಮಾರೋವಾಗ ಹೇಳಿದ್ದರೋ ಇಲ್ಲವೋ ಅನ್ನೋದರ ಮೇಲೆ. ‘ಒಂದೇ ಸಿಮ್ ನಡೆಯುತ್ತೆ’ ಅಂತ ಚೀಟಿಯಲ್ಲಿ ಬರೆದಿದ್ದರೆ ಅದು ದೋಷವಲ್ಲ. ಮುಚ್ಚಿಟ್ಟು ಅಥವಾ ‘ಎಲ್ಲಾ ಸಿಮ್ ಹಿಡಿಯುತ್ತೆ’ ಅಂತ ಹೇಳಿ ಮಾರಿದ್ದರೆ ಗಿರಾಕಿ ಕೈ ಮೇಲಾಗುತ್ತೆ.

ಬಿಲ್ ಅಂದರೆ ಜಿಎಸ್‌ಟಿ ಭಯ

ಯಾಕೆ ಬಿಲ್ ಕೊಡಲ್ಲ ಅಂತ ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ, ಜಿಎಸ್‌ಟಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದಲ್ಲಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟ ಮೇಲೆ ಕ್ಯೂಆರ್ ಕೋಡ್ ಕಿತ್ತು ‘ಕ್ಯಾಶ್ ಮಾತ್ರ’ ಅಂತ ಬರೆದವರು ಎಲ್ಲ ಕಡೆ ಇದ್ದರು. ಆ ಭಯಕ್ಕೆ ಕಾರಣ ಇತ್ತು. ಆದರೆ ಹಳೇ ಮೊಬೈಲ್ ವಿಷಯದಲ್ಲಿ ಭಯ ಲೆಕ್ಕಕ್ಕಿಂತ ದೊಡ್ಡದಾಗಿದೆ. ಬರೀ ಸರಕಿನ ವ್ಯಾಪಾರದಲ್ಲಿ ವರ್ಷದ ವಹಿವಾಟು 40 ಲಕ್ಷ ದಾಟದಿದ್ದರೆ ಸಾಮಾನ್ಯವಾಗಿ ನೋಂದಣಿಯೇ ಬೇಕಿಲ್ಲ. ನೋಂದಣಿ ಇದ್ದವರಿಗೂ ಜಿಎಸ್‌ಟಿ ನಿಯಮ 32(5)ರಲ್ಲಿ ಒಂದು ಅನುಕೂಲ ಇದೆ. ಬಳಸಿದ ಮಾಲನ್ನ ಕೊಂಡು ಮಾರೋ ವ್ಯಾಪಾರಿ, ಕೊಂಡಾಗ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ತಗೊಂಡಿಲ್ಲದಿದ್ದರೆ, ತೆರಿಗೆ ಲೆಕ್ಕ ಹಾಕೋದು ಪೂರ್ತಿ ಬೆಲೆ ಮೇಲಲ್ಲ, ಲಾಭದ ಮೇಲೆ. 7,000ಕ್ಕೆ ತಗೊಂಡು 8,200ಕ್ಕೆ ಮಾರಿದರೆ ಲೆಕ್ಕಕ್ಕೆ ಬರೋದು 1,200. ಅದರ ಮೇಲೆ 18 ಪರ್ಸೆಂಟ್ ಅಂದರೆ 216 ರೂಪಾಯಿ. ನಷ್ಟಕ್ಕೆ ಮಾರಿದರೆ ಆ ಸೆಟ್ ಮೇಲೆ ತೆರಿಗೆ ಇಲ್ಲ. ನಿಮ್ಮ ಆಡಿಟರ್ ಹತ್ರ ಒಂದು ಸಲ ಕೇಳಿ ನೋಡಿ.

ಇನ್ನೂರು ಚಿಲ್ಲರೆ ಉಳಿಸೋಕೆ ಹೋಗಿ ಎಂಟು ಸಾವಿರಕ್ಕೆ ಜಗಳ ಆಡ್ತಿದ್ದೀವಿ. ಇದೇ ಊರಿನ ಎಪಿಎಂಸಿಯಲ್ಲಿ ಒಂದು ಚೀಲ ಕೊಬ್ಬರಿ ಮಾರಿದರೂ ರೈತ ಪಟ್ಟಿ ಕೇಳಿ ಇಸ್ಕೊಂಡೇ ಬರೋದು. ಅದೇ ರೈತ ಅದೇ ದುಡ್ಡಲ್ಲಿ ಮೊಬೈಲ್ ತಗೊಂಡಾಗ ಚೀಟಿ ಕೇಳಲ್ಲ.

ಸಾದಾ ಬಿಲ್ ಪುಸ್ತಕ ಸಾಕು. ದಿನಾಂಕ, ಮಾಡೆಲ್, ಐಎಂಇಐ, ಬೆಲೆ, ‘ಬಳಸಿದ್ದು’ ಅನ್ನೋ ಪದ, ಎಷ್ಟು ದಿನ ಏನೇನಕ್ಕೆ ವಾಪಸ್ ಅನ್ನೋದು. ಕೊಳ್ಳುವಾಗ ಇನ್ನೊಂದು ಪುಸ್ತಕ: ತಂದವರ ಹೆಸರು, ಗುರುತಿನ ಚೀಟಿಯ ಪ್ರತಿ, ಅವರದ್ದೇ ಖಾತೆಗೆ ಯುಪಿಐ ಹಣ. ಕ್ಯಾಶೇ ಬೇಕು ಅಂತ ಹಟ ಹಿಡಿಯೋ ಅಪರಿಚಿತನ ಸೆಟ್ ಬಿಟ್ಟುಬಿಡಿ. ಆಧಾರ್ ಪ್ರತಿ ತಗೊಂಡರೆ ಮೊದಲ ಎಂಟು ಅಂಕಿ ಮುಚ್ಚಿರೋದು ಸಾಕು, ಆ ಕಾಗದ ನಾಳೆ ಬೋಂಡಾ ಕಟ್ಟೋಕೆ ಹೋಗದ ಹಾಗೆ ನೋಡಿಕೊಳ್ಳಿ.

ಸ್ವಂತ ಫೋನ್ ಮಾರೋರಿಗೂ ಇದು ಅನ್ವಯ. ಗೆಳೆಯನಿಗೇ ಕೊಟ್ಟರೂ, ಸಿಮ್ ಮಾತ್ರ ಜೊತೆಗೆ ಕೊಡಬೇಡಿ. ಆ ನಂಬರಿಂದ ಯಾರಾದರೂ ಮೋಸ ಮಾಡಿದರೆ ಪೊಲೀಸರು ಬರೋದು ನಿಮ್ಮ ಮನೆಗೆ. ಗೂಗಲ್ ಅಕೌಂಟ್ ತೆಗೆದು, ಬ್ಯಾಂಕ್, ಯುಪಿಐ ಆ್ಯಪ್‌ಗಳಿಂದ ಹೊರಬಂದು, ಆಮೇಲೆ ರೀಸೆಟ್ ಮಾಡಿ. ಅಕೌಂಟ್ ತೆಗೆಯದೆ ರೀಸೆಟ್ ಮಾಡಿದರೆ ಕೊಂಡವರಿಗೆ ಫೋನ್ ಮತ್ತೆ ನಿಮ್ಮ ಪಾಸ್‌ವರ್ಡ್ ಕೇಳುತ್ತೆ, ಅದೂ ಒಂದು ವಾಪಸ್ ಜಗಳ. ಮೂಲ ಬಿಲ್ ಕೊಡೋ ಮುಂಚೆ ಫೋಟೋ ತೆಗೆದಿಟ್ಟುಕೊಳ್ಳಿ. ಯಾರಿಗೆ, ಯಾವತ್ತು ಕೊಟ್ಟೆ ಅಂತ ಒಂದು ಸಾಲು ಬರೆಸಿ ಸಹಿ ತಗೊಳ್ಳಿ.

ದೂರು ಕೊಡಬೇಕು ಅಂದರೆ ಮೊದಲು 1915 ಸಹಾಯವಾಣಿ. ಅಲ್ಲಿ ಆಗದಿದ್ದರೆ ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷದವರೆಗಿನ ಮಾಲಿಗೆ ದೂರಿನ ಶುಲ್ಕ ಇಲ್ಲ, ವಕೀಲರು ಇರಲೇಬೇಕು ಅಂತಿಲ್ಲ, ಇ-ಜಾಗೃತಿ ಪೋರ್ಟಲ್‌ನಲ್ಲಿ ಕೂತಲ್ಲಿಂದಲೇ ಹಾಕಬಹುದು. ಎರಡು ವರ್ಷದೊಳಗೆ ಹಾಕಬೇಕು. ಬಿಲ್ ಇಲ್ಲದಿದ್ದರೆ ಯುಪಿಐ ದಾಖಲೆ, ವಾಟ್ಸ್‌ಆ್ಯಪ್ ಮಾತುಕತೆ ಇದ್ದರೂ ಇಟ್ಟುಕೊಳ್ಳಿ.

ಬಿ.ಎಚ್. ರಸ್ತೆಯ ಜಗಳ ಆಯೋಗದವರೆಗೆ ಹೋಗಲಿಲ್ಲ. ಪಕ್ಕದ ಅಂಗಡಿಯ ಹಿರಿಯರೊಬ್ಬರು ನಡುವೆ ಬಂದು ಕೂರಿಸಿ ಮಾತಾಡಿಸಿದರು. ಚಾಲಕ ಫೋನನ್ನ ಠಾಣೆಗೆ ಒಪ್ಪಿಸಿ ಸ್ವೀಕೃತಿ ತರಬೇಕು, ಅಂಗಡಿಯವರು 4 ಸಾವಿರ ಈಗಲೇ ಕೊಟ್ಟು ಉಳಿದ 4,200ನ್ನ ಎರಡು ಕಂತಲ್ಲಿ ಕೊಡಬೇಕು ಅಂತ ಮಾತಾಯಿತು. ಅಂಗಡಿಯವರು ಸಿಸಿಟಿವಿಯಲ್ಲಿ ಆ ಹುಡುಗನ ಮುಖ ಹುಡುಕಿದರು. ಹದಿನೈದು ದಿನದ ಹಿಂದಿನದೆಲ್ಲ ತಾನಾಗೇ ಅಳಿಸಿಹೋಗಿತ್ತು. ಮೊನ್ನೆ ಆ ಕಡೆ ಹೋದಾಗ ಬೋರ್ಡ್ ಇನ್ನೂ ಅಲ್ಲೇ ಇತ್ತು, ಆದರೆ ಕೌಂಟರ್ ಮೇಲೆ ಕಾರ್ಬನ್ ಹಾಳೆ ಇಟ್ಟ ಹೊಸ ಬಿಲ್ ಪುಸ್ತಕವೂ ಇತ್ತು. ಐದು ಹಾಳೆ ತುಂಬಿತ್ತು.